ಬರೀ ಮುಟ್ಟಿದ್ದಕ್ಕೆ ಏನಾದ್ರೂ ಬರ್ತದಾ?

ಹಾಸ್ಟೆಲ್‌ಗಳಲ್ಲಿ ಲೈಟ್ ಆರಿಸಿದ ಮೇಲೆ ಕೇಳಿಬರುವ ಪ್ರಶ್ನೆಗಳಲ್ಲಿ ಇದೂ ಒಂದು: "ಪೂರ್ತಿ ಏನೂ ಆಗಿಲ್ಲಪಾ, ಬರೇ ಮ್ಯಾಲಿಂದ ಮ್ಯಾಲೆ. ಆದ್ರೂ ಏನರೆ ಬರತೈತೇನು?" ಕೇಳೋರು ಬಹಳ ಸಲ "ನಮ್ಮ ದೋಸ್ತಗ ಹಿಂಗಾಗೈತಿ" ಅಂತಲೇ ಶುರು ಮಾಡ್ತಾರೆ. ಉತ್ತರ ಕೊಡೋರು ಎರಡು ಥರ. ಒಬ್ಬ "ಏನೂ ಆಗಂಗಿಲ್ಲ, ಸುಮ್ನ ಮಲ್ಕೋ" ಅಂತಾನೆ. ಇನ್ನೊಬ್ಬ ಫೋನ್ ತೆಗೆದು ಏಡ್ಸ್‌ನ ಲಕ್ಷಣಗಳ ಪಟ್ಟಿ ಓದಿ ಹೇಳ್ತಾನೆ. ಎರಡೂ ಉತ್ತರ ತಪ್ಪು.

ಮುತ್ತು, ಅಪ್ಪುಗೆ, ಕೈ, ಬಾಯಿ, ಮೈಗೆ ಮೈ ಉಜ್ಜುವುದು – ಇಷ್ಟರಲ್ಲೇ ಮುಗಿದ, ಸಂಭೋಗದವರೆಗೆ ಹೋಗದ ಸಂಪರ್ಕದ ನಂತರ ಸೋಂಕಿನ ಅಪಾಯ ಎಷ್ಟು, ಅದನ್ನು ಅಳೆಯೋದು ಹೇಗೆ ಅಂತ ಈ ಲೇಖನದಲ್ಲಿ ನೋಡೋಣ. ನಾವು ಡಾಕ್ಟರುಗಳಲ್ಲ, ಡಾಕ್ಟರ ಹತ್ತಿರ ಯಾವಾಗ ಹೋಗಬೇಕು, ಯಾವಾಗ ಹೋಗೋ ಅಗತ್ಯವಿಲ್ಲ ಅನ್ನೋದನ್ನು ತಿಳಿಸುವುದಷ್ಟೇ ಉದ್ದೇಶ. ಮುಖ್ಯ ಮಾತನ್ನು ಮೊದಲೇ ಹೇಳಿಬಿಡ್ತೇವೆ. ಇಂಥ ಸಂಪರ್ಕದ ನಂತರ ಎಲ್ಲರೂ ಹೆದರೋದು ಎಚ್‌ಐವಿಗೆ. ಆದರೆ ಅದು ದಾಟುವ ದಾರಿಯೇ ಅಲ್ಲಿ ಬಹುತೇಕ ಇರೋದಿಲ್ಲ. ನಿಜವಾಗಿ ದಾಟಬಹುದಾದ ಬೇರೆ ಮೂರ್ನಾಲ್ಕು ಸೋಂಕುಗಳ ಬಗ್ಗೆ ಮಾತ್ರ ಯಾರೂ ಕೇಳೋದಿಲ್ಲ.

ನಮ್ಮ ಕಡೆ ಭಯಕ್ಕೆ ಒಂದೇ ಹೆಸರು ಯಾಕೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬಂದವರಿಗೆ ಈ ಭಯದ ಬೇರು ಎಲ್ಲಿದೆ ಅಂತ ಸ್ವಲ್ಪ ಅಂದಾಜಿರುತ್ತದೆ. ಮಳೆ ಕೈಕೊಟ್ಟ ವರ್ಷ ಇಲ್ಲಿನ ಹಳ್ಳಿಗಳಿಂದ ಜನ ಮುಂಬೈ, ಪುಣೆ, ಗೋವಾ ಕಡೆ ದುಡಿಯೋಕೆ ಹೋಗೋದು ಹಳೇ ರೂಢಿ. 2000ದ ದಶಕದಲ್ಲಿ ಬೆಳಗಾವಿ, ಬಾಗಲಕೋಟೆ ಮತ್ತು ಆಗ ಬಿಜಾಪುರ ಅಂತ ಕರೆಯುತ್ತಿದ್ದ ನಮ್ಮ ವಿಜಯಪುರ, ರಾಜ್ಯದಲ್ಲಿ ಎಚ್‌ಐವಿ ಹೆಚ್ಚಿದ್ದ ಜಿಲ್ಲೆಗಳ ಸಾಲಿನಲ್ಲಿದ್ದವು. 2003ರಲ್ಲಿ ಶುರುವಾದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ತನ್ನ ಕೆಲಸದ ದೊಡ್ಡ ಪಾಲನ್ನು ಉತ್ತರ ಕರ್ನಾಟಕದಲ್ಲೇ ಮಾಡಿತು. ಸರ್ಕಾರ ಎಚ್‌ಐವಿಗೆ ಉಚಿತ ಎಆರ್‌ಟಿ ಮಾತ್ರೆ ಕೊಡಲು ಶುರು ಮಾಡಿದ್ದೇ 2004ರಲ್ಲಿ. ಅದಕ್ಕಿಂತ ಮೊದಲು ಈ ರೋಗ ಬಂತು ಅಂದ್ರೆ ಬಡವರ ಮನೆಗೆ ಉಳಿಯುವ ದಾರಿ ಇರಲಿಲ್ಲ.

ನಮ್ಮ ಅಪ್ಪ-ಅಮ್ಮನ ತಲೆಮಾರು ಅದನ್ನು ಕಣ್ಣಾರೆ ಕಂಡಿದೆ. ಹೀಗಾಗಿ "ಲೈಂಗಿಕ ರೋಗ" ಅಂದ್ರೆ ಏಡ್ಸ್, ಏಡ್ಸ್ ಅಂದ್ರೆ ಸಾವು ಅನ್ನೋ ಸಮೀಕರಣ ನಮ್ಮ ತಲೆಗೂ ಬಂದು ಕೂತಿದೆ. ಈಗ ಪರಿಸ್ಥಿತಿ ಬದಲಾಗಿದೆ. ಮಾತ್ರೆ ತಪ್ಪದೆ ತಗೊಳ್ಳುವ ಎಚ್‌ಐವಿ ಸೋಂಕಿತರು ಹೆಚ್ಚುಕಡಿಮೆ ಎಲ್ಲರಷ್ಟೇ ಕಾಲ ಬದುಕುತ್ತಾರೆ. ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ ಹಾಗೇ ಉಳಿದರೆ ಅವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ದಾಟುವುದೂ ಇಲ್ಲ. ಸಮೀಕರಣ ಮಾತ್ರ ಹಳೇದೇ ಉಳಿದಿದೆ.

ಸರಣಿಯಲ್ಲಿರುವ ನಾಲ್ಕು ಸ್ವಿಚ್

ಯಾವುದೇ ಸೋಂಕು ಒಬ್ಬರಿಂದ ಒಬ್ಬರಿಗೆ ದಾಟಲು ನಾಲ್ಕು ಷರತ್ತು ಒಟ್ಟಿಗೆ ಪೂರೈಸಬೇಕು. ಎದುರಿನವರಲ್ಲಿ ಸೋಂಕು ಇರಬೇಕು. ಅದನ್ನು ಹೊತ್ತು ತರುವ ವಸ್ತು ಅಲ್ಲಿರಬೇಕು: ರಕ್ತ, ವೀರ್ಯ, ಯೋನಿ ದ್ರವ, ಅಥವಾ ಸೋಂಕಿರುವ ಚರ್ಮ. ನಿಮ್ಮ ಮೈಯಲ್ಲಿ ಅದಕ್ಕೆ ಬಾಗಿಲು ಇರಬೇಕು: ಬಾಯಿ, ಯೋನಿ, ಗುದ, ಮೂತ್ರದ್ವಾರದ ಒಳಗಿನ ತೆಳು ಪೊರೆ, ಇಲ್ಲವೇ ಚರ್ಮದ ಮೇಲಿನ ಗಾಯ ಅಥವಾ ಸಣ್ಣ ತರಚು. ಕೊನೆಯದಾಗಿ, ರೋಗಾಣು ಸಾಕಷ್ಟು ಪ್ರಮಾಣದಲ್ಲಿ, ಜೀವಂತವಾಗಿ ಅಲ್ಲಿಗೆ ಮುಟ್ಟಬೇಕು. ಸರಣಿಯಲ್ಲಿ ಜೋಡಿಸಿದ ನಾಲ್ಕು ಸ್ವಿಚ್ ಅಂತ ತಿಳ್ಕೊಳ್ಳಿ. ಒಂದು ಆಫ್ ಇದ್ರೂ ಬಲ್ಬ್ ಹತ್ತೋದಿಲ್ಲ.

ಎಚ್‌ಐವಿಗೆ ಇದನ್ನು ಹಚ್ಚಿ ನೋಡೋಣ. ಎಚ್‌ಐವಿ ಗಟ್ಟಿ ಚರ್ಮವನ್ನು ದಾಟೋದಿಲ್ಲ, ಜೊಲ್ಲಿನಿಂದ ಬರೋದಿಲ್ಲ, ಮೈಯಿಂದ ಹೊರಬಿದ್ದ ಮೇಲೆ ಬೇಗ ಶಕ್ತಿ ಕಳ್ಕೊಳ್ತದೆ. ಮುತ್ತು, ಅಪ್ಪುಗೆ, ಕೈ ಬಳಕೆ, ಬಟ್ಟೆ ಮೇಲಿನ ಉಜ್ಜಾಟ – ಇವುಗಳಲ್ಲಿ ಮೂರನೇ ಸ್ವಿಚ್ ಆಫ್. ಹೋಲಿಕೆಗೆ ಸಂಭೋಗದ ಅಂಕಿ ನೋಡಿ. ಚಿಕಿತ್ಸೆ ಪಡೆಯದ ಸೋಂಕಿತ ಸಂಗಾತಿಯ ಜೊತೆ ಒಂದು ಸಲದ ಯೋನಿ ಸಂಭೋಗದಲ್ಲಿ ಎಚ್‌ಐವಿ ದಾಟುವ ಸರಾಸರಿ ಅಂದಾಜು ಹೆಣ್ಣಿಗೆ 10,000ಕ್ಕೆ ಸುಮಾರು 8, ಗಂಡಿಗೆ ಸುಮಾರು 4. ಗುದ ಸಂಭೋಗದಲ್ಲಿ ಸ್ವೀಕರಿಸುವವರಿಗೆ ಸುಮಾರು 138. ಇವು ಸರಾಸರಿ, ಹುಣ್ಣು ಇದ್ದರೆ ಅಥವಾ ಸಂಗಾತಿಗೆ ಸೋಂಕು ಹೊಸದಾಗಿ ತಗುಲಿದ್ದರೆ ಏರುತ್ತವೆ. ಆದರೆ ಮುತ್ತು, ಕೈ, ಅಪ್ಪುಗೆ ಈ ಕೋಷ್ಟಕದಲ್ಲಿ ಅಂಕಿ ಕೊಡುವಷ್ಟೂ ಇಲ್ಲ. ಬಾಯಿಯ ಸಂಪರ್ಕದಲ್ಲಿ ಎಚ್‌ಐವಿ ಅಪಾಯ ಸೊನ್ನೆಗೆ ಬಹಳ ಹತ್ತಿರ. ಬಾಯಲ್ಲಿ ಹುಣ್ಣು, ರಕ್ತ ಇದ್ದರೆ ಮಾತ್ರ ಸ್ವಲ್ಪ ಯೋಚಿಸಬೇಕು.

ಎದುರಿನವರು "ನೋಡೋಕೆ ನೀಟಾಗಿದ್ರು", "ಒಳ್ಳೆ ಮನೆತನ" ಅನ್ನೋದು ಈ ನಾಲ್ಕರಲ್ಲಿ ಯಾವ ಸ್ವಿಚ್ಚೂ ಅಲ್ಲ. ಬಹಳಷ್ಟು ಸೋಂಕುಗಳು ಹೊರಗೆ ಏನೂ ತೋರಿಸದೆ ಇರುತ್ತವೆ, ಇದ್ದವರಿಗೇ ಗೊತ್ತಿರೋದಿಲ್ಲ. ಯಾರ ನಡತೆಯನ್ನೂ ತೂಗಿ ಅಪಾಯ ಅಳೆಯೋಕೆ ಬರೋದಿಲ್ಲ.

ಚರ್ಮದಿಂದ ಚರ್ಮಕ್ಕೆ ದಾಟುವವು

ಈಗ ಯಾರೂ ಕೇಳದ ಭಾಗಕ್ಕೆ ಬರೋಣ. ಬಟ್ಟೆ ಇಲ್ಲದೆ ಜನನಾಂಗಕ್ಕೆ ಜನನಾಂಗ ತಾಗಿದ್ದರೆ ಅಥವಾ ಬಾಯಿ ತಾಗಿದ್ದರೆ, ಕೆಲವು ಸೋಂಕುಗಳಿಗೆ ಅಷ್ಟೇ ಸಾಕು.

ಮೊದಲನೆಯದು ಹರ್ಪಿಸ್. ಎರಡು ಬಗೆಯ ವೈರಸ್ ಇದಕ್ಕೆ ಕಾರಣ. ತುಟಿಯ ಮೇಲೆ ಗುಂಪಾಗಿ ನೀರ್ಗುಳ್ಳೆ ಏಳಿಸುವುದು ಸಾಮಾನ್ಯವಾಗಿ ಒಂದನೇ ಬಗೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಇದು ಇದೆ. ಬಹುಪಾಲು ಜನರಿಗೆ ಚಿಕ್ಕಂದಿನಲ್ಲೇ ಬಂದಿರುತ್ತದೆ. ತುಟಿ ಮೇಲೆ ಗುಳ್ಳೆ ಇದ್ದಾಗ ಬಾಯಿಯ ಸಂಪರ್ಕ ಆದರೆ ಇದೇ ವೈರಸ್ ಜನನಾಂಗಕ್ಕೂ ಹೋಗಬಹುದು. ತಗುಲಿದ 2ರಿಂದ 12 ದಿನದಲ್ಲಿ ಉರಿ, ನೀರ್ಗುಳ್ಳೆ, ಅದು ಒಡೆದು ನೋವಿನ ಹುಣ್ಣು ಕಾಣಬಹುದು. ಪೂರ್ತಿ ಹೋಗಲಾಡಿಸುವ ಔಷಧ ಇಲ್ಲ, ಆದರೆ ಹತೋಟಿಯಲ್ಲಿಡುವ ಮಾತ್ರೆ ಇದೆ. ಇನ್ನೊಂದು ಮಾತು: ಊರಲ್ಲಿ "ಸರ್ಪಸುತ್ತು" ಅನ್ನೋದು ಬೇರೆ. ಡಾಕ್ಟರು ಅದಕ್ಕೆ "ಹರ್ಪಿಸ್ ಜೋಸ್ಟರ್" ಅಂತ ಬರೆದರೂ ಅದು ಚಿಕನ್‌ಪಾಕ್ಸ್ ವೈರಸ್ ಮತ್ತೆ ಏಳುವುದರಿಂದ ಬರುವಂಥದ್ದು, ಲೈಂಗಿಕ ಸೋಂಕಲ್ಲ. ಚೀಟಿಯಲ್ಲಿ ಆ ಹೆಸರು ನೋಡಿ ಯಾರ ಮೇಲೂ ಅನುಮಾನ ಪಡಬೇಡಿ.

ಎರಡನೆಯದು ಎಚ್‌ಪಿವಿ. ಇದರಲ್ಲಿ ನೂರಕ್ಕೂ ಹೆಚ್ಚು ಬಗೆ. 6 ಮತ್ತು 11ನೇ ಬಗೆ ಜನನಾಂಗದ ಮೇಲೆ ನರೂಲಿ ಏಳಿಸುತ್ತವೆ. 16 ಮತ್ತು 18ನೇ ಬಗೆ ಗರ್ಭಕಂಠದ ಕ್ಯಾನ್ಸರಿನ ಸುಮಾರು ಶೇ. 70ಕ್ಕೆ ಕಾರಣ. ಬಹಳಷ್ಟು ಜನರಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ಇದನ್ನು ಹೊರಹಾಕುತ್ತದೆ. ಲಸಿಕೆ ಇದೆ, ಹುಡುಗರೂ ಹಾಕಿಸಿಕೊಳ್ಳಬಹುದು. ಸಂಪರ್ಕಕ್ಕೆ ಮೊದಲೇ ಹಾಕಿಸಿದರೆ ಲಾಭ ಹೆಚ್ಚು. ಆಮೇಲೆ ಹಾಕಿಸಿದರೂ, ಇನ್ನೂ ತಗುಲದ ಬಗೆಗಳಿಂದ ಕಾಪಾಡುತ್ತದೆ.

ಮೂರನೆಯದು ಸಿಫಿಲಿಸ್, ಹಿರಿಯರು ಹೇಳುವ ಪರಂಗಿ ಹುಣ್ಣು. ನಮ್ಮ ಲೆಕ್ಕದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಇದಕ್ಕೇ. ಕಾರಣ, ಇದು ಮೋಸ ಮಾಡುತ್ತದೆ. ತಗುಲಿದ 10ರಿಂದ 90 ದಿನದೊಳಗೆ, ಸರಾಸರಿ 3 ವಾರಕ್ಕೆ, ತಾಗಿದ ಜಾಗದಲ್ಲಿ ಒಂದು ಹುಣ್ಣು ಬರುತ್ತದೆ. ಸಾಮಾನ್ಯವಾಗಿ ಅದು ನೋಯುವುದೇ ಇಲ್ಲ. 3ರಿಂದ 6 ವಾರದಲ್ಲಿ ತಾನಾಗೇ ಮಾಯುತ್ತದೆ. "ವಾಸಿ ಆತು" ಅಂತ ಬಿಟ್ಟವರಲ್ಲಿ ರೋಗ ಒಳಗೆ ಮುಂದುವರಿದು ವರ್ಷಗಳ ನಂತರ ಹೃದಯ, ಮಿದುಳಿಗೆ ಹೋಗಬಹುದು. ಹಾಗಿದ್ದೂ ಶುರುವಿನಲ್ಲಿ ಸಿಕ್ಕಿದರೆ ಪೆನ್ಸಿಲಿನ್ ಇಂಜೆಕ್ಷನ್‌ಗೆ ಪೂರ್ತಿ ಗುಣವಾಗುವ ರೋಗ ಇದು.

ಇವುಗಳ ಜೊತೆಗೆ ಗೊನೊರಿಯಾ ಮತ್ತು ಕ್ಲಮೈಡಿಯ. ಇವಕ್ಕೆ ದ್ರವ ಬೇಕು, ಒಳಪೊರೆ ಬೇಕು. ಬಾಯಿಯ ಸಂಪರ್ಕದಲ್ಲಿ ಗೊನೊರಿಯಾ ಗಂಟಲಿಗೆ ಅಥವಾ ಗಂಟಲಿನಿಂದ ಮೂತ್ರನಾಳಕ್ಕೆ ದಾಟಬಹುದು. ದ್ರವ ಹತ್ತಿದ ಕೈಯಿಂದ ದಾಟುವುದು ಅಪರೂಪ, ಆದರೆ ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳಬೇಡಿ. ಕಜ್ಜಿ ಮತ್ತು ಕೆಳಗಿನ ಕೂದಲಿನ ಹೇನು ಬರೀ ಮೈ ತಾಗಿದರೂ ಬರುತ್ತವೆ. ಕಜ್ಜಿಯಂತೂ ಹಾಸ್ಟೆಲ್‌ನಲ್ಲಿ ಹಾಸಿಗೆ, ಟವೆಲ್ ಹಂಚಿಕೊಂಡರೂ ಬರಬಹುದು. ಹೆಪಟೈಟಿಸ್ ಬಿ ರಕ್ತ ಮತ್ತು ಲೈಂಗಿಕ ದ್ರವದಿಂದ ದಾಟುತ್ತದೆ. ಅದರ ಲಸಿಕೆ ದೇಶದ ಎಲ್ಲಾ ರಾಜ್ಯಗಳ ಸರ್ಕಾರಿ ಲಸಿಕೆ ಪಟ್ಟಿಗೆ ಸೇರುವ ಹೊತ್ತಿಗೆ 2011 ಆಗಿತ್ತು. ಅದಕ್ಕೆ ಮೊದಲು ಹುಟ್ಟಿದವರು ಮನೆಯಲ್ಲಿ ಕೇಳಿ ನೋಡಿ. ಆಗಿಲ್ಲದಿದ್ದರೆ ಈಗಲೂ ಮೂರು ಡೋಸ್ ಹಾಕಿಸಿಕೊಳ್ಳಬಹುದು.

ಒಟ್ಟು ಸೇರಿಸಿದರೆ ಹೀಗೆ: ಬಟ್ಟೆ ಮೇಲಿನ ಉಜ್ಜಾಟ, ಅಪ್ಪುಗೆ – ಪರೀಕ್ಷೆ ಬೇಡ. ಮುತ್ತು – ಬಾಯಲ್ಲಿ ಹುಣ್ಣು, ಗುಳ್ಳೆ ಇದ್ದಿದ್ದರೆ ಮಾತ್ರ ಗಮನ ಇಡಿ. ಕೈ ಬಳಕೆ – ಅಪಾಯ ಬಹಳ ಕಡಿಮೆ. ಬಟ್ಟೆ ಇಲ್ಲದ ಉಜ್ಜಾಟ ಮತ್ತು ಬಾಯಿಯ ಸಂಪರ್ಕ – ಸಿಫಿಲಿಸ್, ಹರ್ಪಿಸ್, ಎಚ್‌ಪಿವಿ ಲೆಕ್ಕಕ್ಕೆ ಬರುತ್ತವೆ. ಬಾಯಿಯಾದರೆ ಗೊನೊರಿಯಾ ಕೂಡ. ಟಾಯ್ಲೆಟ್ ಸೀಟು, ಮೆಸ್ಸಿನ ತಟ್ಟೆ, ಈಜುಕೊಳ, ಸೊಳ್ಳೆ – ಇವುಗಳಿಂದ ಎಚ್‌ಐವಿ, ಸಿಫಿಲಿಸ್, ಗೊನೊರಿಯಾ ಬರೋದಿಲ್ಲ.

ಪರೀಕ್ಷೆ ಯಾವಾಗ?

ಮರುದಿನ ಬೆಳಿಗ್ಗೆ ಲ್ಯಾಬಿಗೆ ಓಡೋದು, ಸರ್ಕ್ಯೂಟ್ ಆನ್ ಮಾಡಿದ ತಕ್ಷಣವೇ ಸ್ಥಿರ ಸ್ಥಿತಿಯ ರೀಡಿಂಗ್ ತಗೊಂಡ ಹಾಗೆ. ಸೋಂಕು ಇದ್ದರೂ ಪರೀಕ್ಷೆಗೆ ಸಿಗೋಕೆ ಕೆಲವು ದಿನ ಬೇಕು. ಆ ನಡುವಿನ ಅವಧಿಗೆ "ವಿಂಡೋ ಪೀರಿಯಡ್" ಅಂತಾರೆ.

ಗೊನೊರಿಯಾ, ಕ್ಲಮೈಡಿಯಕ್ಕೆ ಸುಮಾರು 2 ವಾರದ ನಂತರದ ಪರೀಕ್ಷೆ ನಂಬಬಹುದು. ಸಿಫಿಲಿಸ್‌ಗೆ ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ರಕ್ತ ಪರೀಕ್ಷೆ 6 ವಾರಕ್ಕೆ ಒಮ್ಮೆ, 3 ತಿಂಗಳಿಗೆ ಒಮ್ಮೆ. ಎಚ್‌ಐವಿ ಪರೀಕ್ಷೆ ಮಾಡಿಸಲೇಬೇಕು ಅನ್ನಿಸಿದರೆ, ಲ್ಯಾಬಿನಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಪರೀಕ್ಷೆ 45 ದಿನಕ್ಕೆ, ಬೆರಳು ಚುಚ್ಚಿ ಮಾಡುವ ರ್‍ಯಾಪಿಡ್ ಪರೀಕ್ಷೆ 90 ದಿನಕ್ಕೆ ಖಚಿತ ಉತ್ತರ ಕೊಡುತ್ತದೆ. ಅಲ್ಲಿಗೆ ನಿಲ್ಲಿಸಿ. ತಿಂಗಳಿಗೊಮ್ಮೆ ಮಾಡಿಸುತ್ತಾ ಹೋದರೆ ಹೊಸ ಮಾಹಿತಿ ಏನೂ ಸಿಗೋದಿಲ್ಲ. ಹರ್ಪಿಸ್‌ಗೆ ಗುಳ್ಳೆ ಹೊಸದಿದ್ದಾಗಲೇ ಡಾಕ್ಟರಿಗೆ ತೋರಿಸಬೇಕು.

ಒಂದು ಪಾಸಿಟಿವ್ ಬಂದರೆ ಎಲ್ಲಾ ಮುಗೀತು ಅಂತಲೂ ಅಲ್ಲ. ಪ್ರೊಬಬಿಲಿಟಿ ಕ್ಲಾಸಿನ ಬೇಯ್ಸ್ ಪ್ರಮೇಯ ನೆನಪಿಸಿಕೊಳ್ಳಿ. ದೇಶದ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಸುಮಾರು ಶೇ. 0.2. ಸೋಂಕಿಲ್ಲದವರಲ್ಲಿ ಶೇ. 99.5ರಷ್ಟು ಜನರಿಗೆ ಸರಿಯಾಗಿ "ಇಲ್ಲ" ಅನ್ನುವ ಒಂದು ಕಿಟ್ ಇದೆ ಅಂದುಕೊಳ್ಳಿ. 1,000 ಜನರನ್ನು ಪರೀಕ್ಷಿಸಿದರೆ ನಿಜವಾದ ಸೋಂಕಿತರು 2, ಸುಳ್ಳು ಪಾಸಿಟಿವ್ ಸುಮಾರು 5. ಇದಕ್ಕಾಗಿಯೇ ಸರ್ಕಾರಿ ಕೇಂದ್ರಗಳಲ್ಲಿ ಮೂರು ಬೇರೆ ಬೇರೆ ಕಿಟ್‌ಗಳಲ್ಲೂ ಬಂದರೆ ಮಾತ್ರ ಪಾಸಿಟಿವ್ ಅಂತ ಬರೆಯುತ್ತಾರೆ. ಮನೆಯಲ್ಲಿ ಕೂತು ಒಂದು ಕಿಟ್ ನೋಡಿ ತೀರ್ಮಾನ ಮಾಡಬೇಡಿ.

ಎಲ್ಲಾ ತುರಿಕೆಯೂ "ಅದೇ" ಅಲ್ಲ

ಭಯದಲ್ಲಿ ಇದ್ದಾಗ ಮೈ ಮೇಲೆ ಯಾವತ್ತೂ ನೋಡದ ಗುಳ್ಳೆಗಳೆಲ್ಲ ಕಾಣೋಕೆ ಶುರುವಾಗುತ್ತವೆ. ಶಿಶ್ನದ ತುದಿಯ ಅಂಚಿನ ಸುತ್ತ ಸಾಲಾಗಿ ಇರುವ, ಮುತ್ತಿನಂಥ ಸಣ್ಣ ಬೊಕ್ಕೆಗಳು ಅನೇಕ ಗಂಡಸರಲ್ಲಿ ಸಹಜ. ತುಟಿ ಮತ್ತು ಜನನಾಂಗದ ಚರ್ಮದಲ್ಲಿ ಕಾಣುವ ಹಳದಿ-ಬಿಳಿ ಚುಕ್ಕೆಗಳು ಎಣ್ಣೆ ಗ್ರಂಥಿಗಳು. ಎರಡೂ ರೋಗವಲ್ಲ. ತೊಡೆ ಸಂದಿಯಲ್ಲಿ ಉಂಗುರದಂತೆ ಹರಡುವ ತುರಿಕೆ ಬಹಳ ಸಲ ಗಜಕರ್ಣ: ಬಿಗಿ ಜೀನ್ಸ್, ಬೆವರು, ಒಣಗದ ಒಳಉಡುಪು ಇದಕ್ಕೆ ಅನುಕೂಲ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಕ್ರೀಮು ಹಚ್ಚಿದರೆ ನಾಲ್ಕು ದಿನ ಕಡಿಮೆಯಾಗಿ ಆಮೇಲೆ ದುಪ್ಪಟ್ಟಾಗುತ್ತದೆ.

ಅದೇ ಶಾಪಿನಲ್ಲಿ ಅಜಿಥ್ರೊಮೈಸಿನ್ ಕೇಳಿ ತಂದು ನುಂಗುವ ಅಭ್ಯಾಸ ಇನ್ನೂ ಕೆಟ್ಟದ್ದು. ವೈರಸ್‌ಗೆ ಅದು ಕೆಲಸ ಮಾಡೋದಿಲ್ಲ. ಸಿಫಿಲಿಸ್, ಗೊನೊರಿಯಾ ಇದ್ದರೆ ಅರ್ಧ ಮುಚ್ಚಿಟ್ಟು ಪತ್ತೆ ಕಷ್ಟ ಮಾಡುತ್ತದೆ. ಇನ್ನು ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ "ಗುಪ್ತರೋಗಕ್ಕೆ ಖಾತ್ರಿ ಚಿಕಿತ್ಸೆ" ಅಂತ ಫೋನ್ ನಂಬರ್ ಸಮೇತ ಬರೆದಿರುತ್ತಾರಲ್ಲ, ಲೈಂಗಿಕ ರೋಗ ಗುಣಪಡಿಸುತ್ತೇವೆ ಅಂತ ಹಾಗೆ ಜಾಹೀರಾತು ಕೊಡುವುದೇ 1954ರ ಕಾಯ್ದೆಯಡಿ ಅಪರಾಧ. ನಾಚಿಕೆಯನ್ನೇ ಬಂಡವಾಳ ಮಾಡಿಕೊಂಡವರ ಹತ್ತಿರ ಹೋದರೆ ದುಡ್ಡೂ ಹೋಗುತ್ತದೆ, ಸಮಯವೂ ಹೋಗುತ್ತದೆ.

ಇನ್ನೊಂದು ತಪ್ಪು: "ಹೆಂಗೂ ಟೆಸ್ಟ್ ಮಾಡ್ತಾರ" ಅಂತ ರಕ್ತದಾನ ಶಿಬಿರಕ್ಕೆ ಹೋಗೋದು. ವಿಂಡೋ ಪೀರಿಯಡ್‌ನಲ್ಲಿ ಇರುವ ಸೋಂಕು ರಕ್ತ ಕೇಂದ್ರದ ಪರೀಕ್ಷೆಗೂ ಸಿಗದೆ ಇರಬಹುದು. ಆಗ ನಿಮ್ಮ ಅನುಮಾನದ ಬೆಲೆಯನ್ನು ಆ ರಕ್ತ ಪಡೆಯುವ ರೋಗಿ ತೆರಬೇಕಾಗುತ್ತದೆ. ಅನುಮಾನ ಇದ್ದರೆ ಶಿಬಿರದಲ್ಲಿ ರಕ್ತ ಕೊಡಬೇಡಿ. "ಹುಷಾರಿಲ್ಲ" ಅಂದರೆ ಸಾಕು, ಕಾರಣ ಹೇಳಬೇಕಿಲ್ಲ.

ಎಲ್ಲಿಗೆ ಹೋಗೋದು? ಯಾರಾದ್ರೂ ನೋಡಿದ್ರೆ?

ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಮತ್ತು ಆಪ್ತ ಸಮಾಲೋಚನೆ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಷ್ಟೇ ಅಲ್ಲ, ತಾಲ್ಲೂಕು ಮಟ್ಟದ ಸರ್ಕಾರಿ ದವಾಖಾನೆಗಳಲ್ಲೂ ಇವು ಇರುತ್ತವೆ. ಲೈಂಗಿಕ ಸೋಂಕುಗಳಿಗೆ "ಸುರಕ್ಷಾ ಕ್ಲಿನಿಕ್" ಅಂತ ಬೇರೆ ವಿಭಾಗ ಇರುತ್ತದೆ. ಅಲ್ಲಿ ಲಕ್ಷಣ ನೋಡಿ ಬಣ್ಣದ ಕಿಟ್‌ಗಳಲ್ಲಿ ಮಾತ್ರೆ ಕೊಡುತ್ತಾರೆ: ಮೂತ್ರನಾಳದ ಸ್ರಾವಕ್ಕೆ ಬೂದು, ಹುಣ್ಣಿಗೆ ಬಿಳಿ, ಹರ್ಪಿಸ್‌ಗೆ ಕೆಂಪು. ಇದಕ್ಕೂ ದುಡ್ಡಿಲ್ಲ.

ಆದರೆ ತೊಂದರೆ ದುಡ್ಡಿನದ್ದಲ್ಲ. ಸಿಂದಗಿಯಂಥ ಊರಲ್ಲಿ ಚೀಟಿ ಬರೆಯೋರು ಅಪ್ಪನ ಪರಿಚಯದವರು, ಲ್ಯಾಬಿನಲ್ಲಿ ಇರೋರು ಕಾಕಾನ ಕ್ಲಾಸ್‌ಮೇಟ್. "ಯಾಕ ಬಂದಿ ತಮ್ಮಾ?" ಅನ್ನೋ ಒಂದು ಪ್ರಶ್ನೆಗೆ ಹೆದರಿ ಎಷ್ಟೋ ಜನ ಬಾಗಿಲಿನಿಂದಲೇ ವಾಪಸ್ ಬರ್ತಾರೆ. ಹುಡುಗಿಯರಿಗೆ ಈ ಭಯ ಇನ್ನೂ ಜಾಸ್ತಿ. ಇದಕ್ಕೆ ಸರಳ ಉಪಾಯ: ನಿಮ್ಮ ತಾಲ್ಲೂಕಿನಲ್ಲೇ ಮಾಡಿಸಬೇಕು ಅಂತ ಯಾವ ನಿಯಮವೂ ಇಲ್ಲ. ಇಂಡಿಯವರು ವಿಜಯಪುರದಲ್ಲಿ, ಮುದ್ದೇಬಿಹಾಳದವರು ಬಾಗಲಕೋಟೆಯಲ್ಲಿ, ಬಾಗೇವಾಡಿಯವರು ಓದುವ ಊರಲ್ಲಿ ಮಾಡಿಸಬಹುದು. ಹೋಗೋ ಮೊದಲು 1097ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಹೆಸರು ಹೇಳದೆ ಕೇಳಬಹುದು.

ಕಾನೂನೂ ನಿಮ್ಮ ಕಡೆ ಇದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬೇಕಾಬಿಟ್ಟಿ ಬಯಲು ಮಾಡುವಂತಿಲ್ಲ, ಎಚ್‌ಐವಿ ಇದೆ ಅಂತ ಕಾಲೇಜಿನಿಂದ ಹೊರಹಾಕುವಂತಿಲ್ಲ. 18 ತುಂಬಿದವರಿಗೆ ತಮ್ಮ ಒಪ್ಪಿಗೆಯೊಂದೇ ಸಾಕು. ಸಂಪರ್ಕ ಹುಡುಗ-ಹುಡುಗನ ನಡುವೆ, ಹುಡುಗಿ-ಹುಡುಗಿಯ ನಡುವೆ ಆಗಿದ್ದರೂ ಮುಚ್ಚಿಡಬೇಡಿ. ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಯಾವ ಥರದ ಸಂಪರ್ಕ ಅಂತ ಸರಿಯಾಗಿ ಹೇಳಿದರೆ ಮಾತ್ರ ಗಂಟಲು ನೋಡಬೇಕಾ, ಮೂತ್ರ ನೋಡಬೇಕಾ ಅನ್ನೋದು ಡಾಕ್ಟರಿಗೆ ಗೊತ್ತಾಗುತ್ತದೆ.

ತಡ ಮಾಡಬಾರದ ಮೂರು ಸಂದರ್ಭ

ಒಂದು, "ಮೇಲಿಂದ ಮೇಲೆ" ಅಂದುಕೊಂಡದ್ದು ಕಾಂಡೋಮ್ ಇಲ್ಲದ ಸಂಭೋಗಕ್ಕೆ ಹೋಗಿದ್ದರೆ. ಎಚ್‌ಐವಿ ತಡೆಯುವ ಪಿಇಪಿ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಿ 28 ದಿನ ತಗೊಳ್ಳಬೇಕು. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಬೇಕೋ ಬೇಡವೋ ಅಂತ ಎಆರ್‌ಟಿ ಕೇಂದ್ರದ ಡಾಕ್ಟರು ಹೇಳುತ್ತಾರೆ. ನಾಲ್ಕೂ ತಾಲ್ಲೂಕಿನಿಂದ ವಿಜಯಪುರ ಜಿಲ್ಲಾ ಆಸ್ಪತ್ರೆಗೆ ಅರ್ಧ ದಿನದ ದಾರಿಯೂ ಅಲ್ಲ.

ಎರಡು, ವೀರ್ಯ ಯೋನಿಯ ಬಾಯಿಗೆ ತಾಗಿದ್ದರೆ. ಗರ್ಭ ನಿಲ್ಲುವ ಸಾಧ್ಯತೆ ಕಡಿಮೆ, ಆದರೆ ಸೊನ್ನೆ ಅಲ್ಲ. ತುರ್ತು ಗರ್ಭನಿರೋಧಕ ಮಾತ್ರೆ 72 ಗಂಟೆಯೊಳಗೆ, ಸಾಧ್ಯವಾದಷ್ಟು ಬೇಗ. ಇದಕ್ಕೆ ಡಾಕ್ಟರ ಚೀಟಿ ಬೇಡ.

ಮೂರು, ಆದದ್ದು ನಿಮ್ಮ ಇಷ್ಟಕ್ಕೆ ವಿರುದ್ಧವಾಗಿದ್ದರೆ. ಆಗ ಅದು ಅಪಾಯದ ಲೆಕ್ಕದ ಪ್ರಶ್ನೆ ಮಾತ್ರ ಅಲ್ಲ, ಅಪರಾಧ. ಸರ್ಕಾರಿ, ಖಾಸಗಿ ಯಾವುದೇ ಆಸ್ಪತ್ರೆ ಅತ್ಯಾಚಾರಕ್ಕೆ ಒಳಗಾದವರಿಗೆ ಉಚಿತ ಚಿಕಿತ್ಸೆ ಕೊಡಲೇಬೇಕು. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ಪರೀಕ್ಷೆ ಎಲ್ಲಾ ನೆಗೆಟಿವ್ ಬಂದು, ಅವಧಿಯೂ ಮುಗಿದು, ಆದರೂ ನಿದ್ದೆ ಬರ್ತಿಲ್ಲ, ದಿನಕ್ಕೆ ಹತ್ತು ಸಲ ಮೈ ನೋಡಿಕೊಳ್ಳುವಂತಾಗಿದೆ ಅಂದ್ರೆ ಅದು ಸೋಂಕಲ್ಲ, ಆತಂಕ. ಅದಕ್ಕೂ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಂಖ್ಯೆ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲಿ. ಮತ್ತೆ, ಸೋಂಕು ಇದೆ ಅಂತಲೇ ಗೊತ್ತಾದರೆ ಜೊತೆಗಿದ್ದವರಿಗೂ ತಿಳಿಸಿ. ಅವರೂ ಪರೀಕ್ಷೆ ಮಾಡಿಸಿಕೊಳ್ಳಬೇಕಲ್ಲ. ಹೇಳೋದು ಹೇಗೆ ಅಂತ ತಿಳಿಯದಿದ್ದರೆ ಐಸಿಟಿಸಿಯ ಆಪ್ತ ಸಮಾಲೋಚಕರನ್ನು ಕೇಳಿ. ಅದು ಅವರ ಕೆಲಸದ ಭಾಗವೇ.

ಮುಂದಿನ ಸಲ ರೂಮಿನಲ್ಲಿ ಯಾರಾದರೂ "ನಮ್ಮ ದೋಸ್ತಗ..." ಅಂತ ಶುರು ಮಾಡಿದರೆ ನಗಬೇಡಿ, ಹೆದರಿಸಲೂ ಬೇಡಿ. ಏನು ತಾಗಿತ್ತು, ಎಲ್ಲಿಗೆ ತಾಗಿತ್ತು, ಎಷ್ಟು ದಿನ ಆಯ್ತು – ಈ ಮೂರು ಕೇಳಿ. ಆಮೇಲೆ 1097 ನಂಬರ್ ಕೊಡಿ.